ಕೊಂಡ ಆಟ ಯಾರದು?

ವಿಡಿಯೊ ಗೇಮ್ ಒಂದು ಕಾಲಕ್ಕೆ ಕೈಗೆ ಸಿಗುವ ವಸ್ತುವಾಗಿತ್ತು. ಟಿ.ವಿ.ಗೆ ಜೋಡಿಸುವ ಪೆಟ್ಟಿಗೆ, ಅದಕ್ಕೆ ಒತ್ತಿ ಕೂರಿಸುವ ಕ್ಯಾಸೆಟ್, ಅನಂತರ ಡಿಸ್ಕ್. ಇಂದು ಆಟಗಳು ಇಂಟರ್‌ನೆಟ್ ಮೂಲಕ ನೇರವಾಗಿ ಯಂತ್ರಕ್ಕೆ ಇಳಿಯುತ್ತವೆ. ಹಾಗಾದರೆ ಪೆಟ್ಟಿಗೆ, ಡಿಸ್ಕುಗಳ ಕಾಲ ಮುಗಿಯಿತೇ? ಆಳಂದ ತಾಲ್ಲೂಕಿನ ನಿಂಬರ್ಗಾದಂಥ ಊರಿನಿಂದ ನೋಡಿದರೆ ಈ ಪ್ರಶ್ನೆಗೆ ಬೇರೆಯೇ ಅರ್ಥ ಬರುತ್ತದೆ.

ತಂತಿಯ ಮೂಲಕ ಆಟ ತರಿಸುವ ವಿಚಾರ ಹೊಸದೇನಲ್ಲ. 1983ರಲ್ಲೇ ಅಮೆರಿಕದಲ್ಲಿ ‘ಗೇಮ್‌ಲೈನ್’ ಎಂಬ ಸೇವೆ ಅಟಾರಿ ಯಂತ್ರಕ್ಕೆ ದೂರವಾಣಿ ತಂತಿಯಲ್ಲಿ ಆಟ ಕಳುಹಿಸುತ್ತಿತ್ತು. ಕೆಲವು ಸಲ ಆಡಿದ ಮೇಲೆ ಮತ್ತೆ ಫೋನ್ ಮಾಡಿ ಹಣ ತೆರಬೇಕಿತ್ತು. ಸೇವೆ ಬಹುಕಾಲ ಬಾಳಲಿಲ್ಲ. ಆದರೆ ಆಟವನ್ನು ಮಾರದೆ, ಆಡುವ ಅನುಮತಿಯನ್ನಷ್ಟೇ ಮಾರುವ ಪದ್ಧತಿಯ ಬೀಜ ಅಲ್ಲೇ ಬಿದ್ದಿತ್ತು.

ಅದೇ ವರ್ಷ ಜಪಾನಿನ ನಿಂಟೆಂಡೊ ಕಂಪನಿ ತನ್ನ ಫ್ಯಾಮಿಕಾಮ್ ಯಂತ್ರವನ್ನು ಹೊರತಂದಿತು. ತೊಂಬತ್ತರ ದಶಕದಲ್ಲಿ ಅದರ ಮಾದರಿಯ ಯಂತ್ರಗಳು ‘ಸಮುರಾಯ್’, ‘ಲಿಟಲ್ ಮಾಸ್ಟರ್’ ಮುಂತಾದ ಹೆಸರುಗಳಲ್ಲಿ ಭಾರತದ ಪೇಟೆಗಳಿಗೆ ಬಂದವು. ಮಾರಿಯೊ, ಕಾಂಟ್ರಾ ಕ್ಯಾಸೆಟ್ಟುಗಳಲ್ಲಿ ಹಲವು ನಕಲಿಯಾಗಿದ್ದವು. ಕೊಳ್ಳಲಾಗದವರು ಬಾಡಿಗೆಗೆ ತಂದರು, ಗೆಳೆಯರೊಡನೆ ಅದಲುಬದಲು ಮಾಡಿಕೊಂಡರು, ಪಾರ್ಲರಿನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಆಡಿದರು. ಒಂದು ಕ್ಯಾಸೆಟ್ ಹತ್ತು ಮನೆ ಸುತ್ತಿ ಬರುತ್ತಿತ್ತು.

2003ರಲ್ಲಿ ವಾಲ್ವ್ ಕಂಪನಿ ಆರಂಭಿಸಿದ ‘ಸ್ಟೀಮ್’ ಈ ಪದ್ಧತಿಯನ್ನು ಬದಲಿಸಿತು. ಮರುವರ್ಷ ಬಂದ ‘ಹಾಫ್ ಲೈಫ್ 2’ ಆಟದ ಡಿಸ್ಕನ್ನು ಅಂಗಡಿಯಲ್ಲಿ ಕೊಂಡವರೂ ಸ್ಟೀಮ್ ಖಾತೆ ತೆರೆಯಬೇಕಾಯಿತು. ಕಂಪ್ಯೂಟರ್ ಆಟಗಳಲ್ಲಿ ಡಿಸ್ಕ್ ಈಗ ಹೆಚ್ಚುಕಡಿಮೆ ಕಣ್ಮರೆಯಾಗಿದೆ. ಟಿ.ವಿ.ಗೆ ಜೋಡಿಸುವ ಯಂತ್ರಗಳಲ್ಲಿ ಬದಲಾವಣೆ ನಿಧಾನ. 2020ರ ಪ್ಲೇಸ್ಟೇಷನ್ 5 ಡಿಸ್ಕ್ ಇರುವ ಮತ್ತು ಇಲ್ಲದ ಎರಡೂ ರೂಪಗಳಲ್ಲಿ ಬಂತು. 2025ರ ನಿಂಟೆಂಡೊ ಸ್ವಿಚ್ 2ರ ಕೆಲವು ಕಾರ್ಡುಗಳಲ್ಲಿ ಆಟವೇ ಇಲ್ಲ. ಆಟವನ್ನು ಇಳಿಸಿಕೊಳ್ಳುವ ಕೀಲಿ ಮಾತ್ರ ಇದೆ. ಹೊರಗೆ ಪೆಟ್ಟಿಗೆ ಉಳಿದಿದೆ, ಒಳಗಿನದು ಬರಿದಾಗುತ್ತಿದೆ.

ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಗಳಲ್ಲಿ ಈ ಮೆಟ್ಟಿಲುಗಳನ್ನು ಹತ್ತಿದವರು ವಿರಳ. 2016ರಲ್ಲಿ ಜಿಯೊ ಬಂದು ಇಂಟರ್‌ನೆಟ್ ಅಗ್ಗವಾದ ಮೇಲೆ ಬಹುಪಾಲು ಮಕ್ಕಳಿಗೆ ಆಟ ನೇರವಾಗಿ ಮೊಬೈಲಿಗೇ ಬಂತು. ಇಲ್ಲಿ ಡಿಜಿಟಲ್ ವಿತರಣೆ ಡಿಸ್ಕನ್ನು ಓಡಿಸಲಿಲ್ಲ. ಡಿಸ್ಕ್ ಬರುವ ಮೊದಲೇ ಅದರ ಜಾಗ ಹಿಡಿಯಿತು.

ಇದರ ಲಾಭ ಸಣ್ಣದಲ್ಲ. ಸಾವಿರಾರು ರೂಪಾಯಿಯ ಯಂತ್ರವಿಲ್ಲದೆ, ಪೇಟೆಗೆ ಹೋಗದೆ, ಹಳ್ಳಿಯ ಹುಡುಗ ಬೆಂಗಳೂರಿನ ಹುಡುಗ ಆಡುವ ಆಟವನ್ನೇ ಆಡಬಲ್ಲ. ನಷ್ಟವೇನೆಂಬುದನ್ನು 2020 ತೋರಿಸಿತು. ಆ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅಕ್ಟೋಬರ್ 30ರಂದು ಪಬ್‌ಜಿ ಭಾರತದಲ್ಲಿ ಪೂರ್ತಿ ನಿಂತಿತು. ಆಟ ಉಚಿತವೇ ಆದರೂ ಅದರೊಳಗಿನ ಉಡುಪು, ಆಯುಧಗಳ ಬಣ್ಣಕ್ಕೆ ಹಣ ಕೊಟ್ಟವರಿದ್ದರು. ಅವರ ‘ಆಸ್ತಿ’ ಕೈಗೆಟುಕದಾಯಿತು. ಮರುವರ್ಷ ಬೇರೆ ಹೆಸರಿನಲ್ಲಿ ಆಟ ಮರಳಿ, ಹಳೆಯ ಖಾತೆಯ ವಸ್ತುಗಳನ್ನು ವರ್ಗಾಯಿಸಿಕೊಳ್ಳುವ ಅವಕಾಶವೂ ಸಿಕ್ಕಿತು. ಅದು ಕಂಪನಿ ಕೊಟ್ಟ ಅವಕಾಶವೇ ಹೊರತು ಆಟಗಾರನ ಹಕ್ಕಾಗಿರಲಿಲ್ಲ. 2024ರಲ್ಲಿ ಯೂಬಿಸಾಫ್ಟ್ ತನ್ನ ‘ದ ಕ್ರೂ’ ಆಟದ ಸರ್ವರ್ ನಿಲ್ಲಿಸಿದಾಗ ಡಿಸ್ಕ್ ಕೊಂಡವರೂ ಆಡಲಾಗದೆ ಉಳಿದರು. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯ, ಮಾರುತ್ತಿರುವುದು ಅನುಮತಿ ಮಾತ್ರವಾಗಿದ್ದರೆ ಹಾಗೆಂದು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಬೇಕೆಂದು ಕಾನೂನು ಮಾಡಿತು.

ಡಿಸ್ಕೇನೂ ಅಮರವಲ್ಲ. ಗೀರು ಬೀಳುತ್ತದೆ, ಅದನ್ನು ಓದುವ ಯಂತ್ರ ಕೆಡುತ್ತದೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮೊದಲು ಆ ದೇಶದಲ್ಲಿ ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿಲ್ಲ. ಆದರೂ ಹಳೆಯ ಡಿಸ್ಕ್ ಯಾರದೋ ಕಪಾಟಿನಲ್ಲಿ ಸಿಗುವ ಸಂಭವವಿದೆ. ಸರ್ವರಿನಿಂದ ಅಳಿಸಿದ್ದಕ್ಕೆ ಆ ಸಂಭವ ಕಡಿಮೆ.

ನಮ್ಮ ಕಡೆಯ ಚೌಕಾಬಾರಕ್ಕೆ ಸೀಮೆಸುಣ್ಣದ ಗೆರೆ, ನಾಲ್ಕು ಕವಡೆ ಸಾಕು. ಅದನ್ನು ಯಾರೂ ಮಾರಲಿಲ್ಲ, ಆದ್ದರಿಂದ ಯಾರೂ ಹಿಂದಕ್ಕೆ ಪಡೆಯಲಾರರು. ಹೊಸ ಆಟಗಳನ್ನು ಹಾಗೆ ಉಳಿಸಿಕೊಳ್ಳಬೇಕಾದರೆ ಕೊಂಡವನ ಹಕ್ಕನ್ನು ಕಾನೂನು ಕಾಯಬೇಕು, ಹಳೆಯ ಆಟಗಳನ್ನು ಗ್ರಂಥಾಲಯಗಳು ಪುಸ್ತಕದಂತೆ ಕಾಪಾಡಬೇಕು. ಡಿಸ್ಕ್ ಹೋದರೆ ಹೋಗಲಿ, ಅದರೊಂದಿಗೆ ಒಡೆತನವೂ ಹೋಗಬೇಕಾಗಿಲ್ಲ.