ತವರು ದೂರವಾದ ತಾಯಂದಿರು



ಚಳಿಗಾಲ ಕಾಲಿಟ್ಟಿತೆಂದರೆ ಹುಬ್ಬಳ್ಳಿ, ಬೆಳಗಾವಿಗಳ ಬೀದಿಬದಿಯಲ್ಲಿ ಲುಧಿಯಾನದ ಸ್ವೆಟರುಗಳನ್ನು ಹರವಿ ಕುಳಿತ ಟಿಬೆಟ್ಟಿನ ಹೆಂಗಸರನ್ನು ತಾವು ಕಂಡಿರಬಹುದು. ನಮ್ಮ ಮಮದಾಪುರದಿಂದ ಪೇಟೆಗೆ ಹೋದವರೂ ಅವರೊಡನೆ ಚೌಕಾಸಿ ಮಾಡಿದವರೇ. ಬೆಲೆ ಕೇಳುತ್ತೇವೆ, ‘ನಿನ್ನ ತವರು ಯಾವುದವ್ವಾ?’ ಎಂದು ಮಾತ್ರ ಕೇಳುವುದಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ತವರೆಂದರೆ ಪಂಚಮಿಗೆ ಅಣ್ಣ ಬಂದು ಕರೆದೊಯ್ಯುವ ಮನೆ. ಹಿಮಾಲಯ ದಾಟಿ ಬಂದ ಆ ಹೆಣ್ಣುಮಕ್ಕಳಿಗೆ ಹಾಗೆ ಕರೆಯಲು ಬರುವವರಿರಲಿಲ್ಲ. ಮರಳುವ ದಾರಿಯೂ ಇರಲಿಲ್ಲ.

1959ರ ಮಾರ್ಚ್ ತಿಂಗಳಲ್ಲಿ ಲ್ಹಾಸಾದಲ್ಲಿ ಚೀನೀ ಆಡಳಿತದ ವಿರುದ್ಧ ದಂಗೆಯಾಯಿತು. ದಲಾಯಿ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಸಂಸಾರಗಳು ಬಂದವು. ಅನೇಕರಿಗೆ ಮೊದಲು ದೊರೆತ ಕೆಲಸ ಬೆಟ್ಟದ ರಸ್ತೆಗಳಲ್ಲಿ ಕಲ್ಲೊಡೆಯುವುದು. ತಾಯಂದಿರೂ ಕಲ್ಲೊಡೆದರು, ಡೇರೆಗಳಲ್ಲಿ ಮಕ್ಕಳು ರೋಗಕ್ಕೆ ತುತ್ತಾದರು. 1960ರ ಮೇ ತಿಂಗಳಲ್ಲಿ ಅಂಥ 51 ಮಕ್ಕಳು ಧರ್ಮಶಾಲೆಗೆ ಬಂದಾಗ ಅವರನ್ನು ಸಾಕುವ ಹೊಣೆ ಹೊತ್ತವರು ದಲಾಯಿ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ. 1964ರಲ್ಲಿ ಆಕೆ ತೀರಿಕೊಂಡಾಗ ತಂಗಿ ಜೆಟ್ಸುನ್ ಪೇಮಾ ಅದೇ ಹೊಣೆಯನ್ನು ವಹಿಸಿಕೊಂಡು 2006ರವರೆಗೂ ನಡೆಸಿದರು. ಮಕ್ಕಳು ಬದುಕಲೆಂದೇ ಎಷ್ಟೋ ತಾಯಂದಿರು ಅವರನ್ನು ಅಗಲಿ ಇರಬೇಕಾಯಿತು.

ನೆಲೆಯಿಲ್ಲದ ಈ ಜನಕ್ಕೆ ನೆಲ ಕೊಡಲು ಅಂದಿನ ಮೈಸೂರು ರಾಜ್ಯವು ಮುಂದಾಯಿತು. 1960ರ ಕೊನೆಗೆ ಮೊದಲ ತಂಡ ಬೈಲಕುಪ್ಪೆಗೆ ಬಂದಿತು. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, 1966ರಲ್ಲಿ, ಉತ್ತರ ಕನ್ನಡದ ಮುಂಡಗೋಡದಲ್ಲಿ ಇನ್ನೊಂದು ವಸತಿ ಆರಂಭವಾಯಿತು. ಹಿಮದ ನಾಡಿನವರಿಗೆ ಇಲ್ಲಿಯ ಬಿಸಿಲೇ ಮೊದಲ ಶತ್ರು. ಗಂಡಸರ ಸಮಕ್ಕೆ ಹೆಂಗಸರೂ ಕಾಡು ಕಡಿದರು, ಗೋವಿನಜೋಳ ಬಿತ್ತಿದರು, ಜಮಖಾನೆ ನೆಯ್ದರು.

ಇಂಥ ತಾಯಿ ಮಗಳಿಗೆ ಕೊಟ್ಟುದಾದರೂ ಏನು? ಹೊಲವಿಲ್ಲ, ಒಡವೆಯಿಲ್ಲ. ಅಡ್ಡಹೆಸರು ಕೂಡ ಇಲ್ಲ. ಅವರಲ್ಲಿ ಬಹುಮಂದಿಗೆ ಲಾಮಾ ಇಟ್ಟ ಹೆಸರೇ ಹೆಸರು. ಕೊಟ್ಟುದು ನುಡಿ ಮತ್ತು ನಡೆ. ಮಗಳು ತಾಯಿಯನ್ನು ‘ಅಮಾ ಲಾ’ ಎನ್ನುತ್ತಾಳೆ. ಆ ‘ಲಾ’ ನಮ್ಮ ಕಡೆಯ ‘ರೀ’ ಇದ್ದಂತೆ, ಗೌರವದ ಮಾತು. ಮದುವೆಯಾದವಳು ಉದ್ದನೆಯ ಉಡುಪಿನ ಮುಂದೆ ಬಣ್ಣದ ಪಟ್ಟಿಗಳ ‘ಪಂಗ್ದೆನ್’ ಎಂಬ ವಸ್ತ್ರವನ್ನು ಕಟ್ಟಿಕೊಳ್ಳುತ್ತಾಳೆ. ನಮ್ಮಲ್ಲಿ ಕೊರಳ ತಾಳಿ ಹೇಳುವುದನ್ನು ಅಲ್ಲಿ ಅದು ಹೇಳುತ್ತದೆ.

ಕಾಗದಪತ್ರದಲ್ಲಿ ಮಾತ್ರ ತಾಯಿಮಗಳು ಒಂದೇ ಅಲ್ಲ. ತಾಯಿ ನಿರಾಶ್ರಿತಳು. ಆದರೆ ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಇಲ್ಲಿ ಹುಟ್ಟಿದವಳು ಹುಟ್ಟಿನಿಂದಲೇ ಭಾರತೀಯಳು. ಈ ಮಾತನ್ನು ಅಧಿಕಾರಿಗಳಿಂದ ಒಪ್ಪಿಸಲು 1986ರಲ್ಲಿ ಹುಟ್ಟಿದ ನಮ್ಗ್ಯಾಲ್ ಡೋಲ್ಕರ್ ಎಂಬ ಹೆಣ್ಣುಮಗಳು ದಿಲ್ಲಿಯ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. 2010ರ ಡಿಸೆಂಬರಿನಲ್ಲಿ ಆಕೆ ಗೆದ್ದರು. ಆ ಗಡುವಿನ ತರುವಾಯ ಹುಟ್ಟಿದವರಿಗಾದರೋ ತಂದೆತಾಯಿಗಳ ಪೌರತ್ವದ ಪ್ರಶ್ನೆ ಎದುರಾಗುತ್ತದೆ. ಹಕ್ಕಿದ್ದೂ ಕೇಳದವರುಂಟು, ಕೇಳಿದರೆ ಹಳೆಯ ನಾಡಿನ ಆಸೆಯನ್ನು ಬಿಟ್ಟಂತಾದೀತೆಂಬ ಅಳುಕು ಅವರದು.

ಈಗ ಮೊಮ್ಮಗಳ ಕಾಲ. ಓದಿದ ಹುಡುಗಿಯರು ಬೆಂಗಳೂರಿಗೆ, ಅಲ್ಲಿಂದ ಅಮೆರಿಕ, ಕೆನಡಾಗಳಿಗೆ ಹೊರಟಿದ್ದಾರೆ. ಕ್ಯಾಂಪಿನ ಮನೆಗಳಲ್ಲಿ ಮುದುಕಿಯರು ಜಪಚಕ್ರ ತಿರುಗಿಸುತ್ತ ಉಳಿಯುತ್ತಾರೆ. ಅಜ್ಜಿ ತವರೆಂದರೆ ಟಿಬೆಟ್ಟನ್ನು ನೆನೆದಾಳು. ಆದರೆ ಮುಂಡಗೋಡದಲ್ಲಿ ಹುಟ್ಟಿ, ಅಲ್ಲಿಯ ಸಂತೆಯಲ್ಲಿ ಕನ್ನಡ ಕಲಿತ ಮೊಮ್ಮಗಳಿಗೆ ದೂರದೇಶದಲ್ಲಿ ತವರೆಂದು ನೆನಪಾಗುವುದು ಯಾವ ಊರು? ನಮ್ಮ ಕನ್ನಡನಾಡಿನದೇ ಅಲ್ಲವೆ?

ತವರುಮನೆಯವರಾದ ಮೇಲೆ ನಮ್ಮ ಹೊಣೆಯೂ ಇದೆ. ಬರುವ ಚಳಿಗಾಲದಲ್ಲಿ ಸ್ವೆಟರು ಕೊಳ್ಳುವಾಗ ಚೌಕಾಸಿ ಧಾರಾಳವಾಗಿ ಮಾಡಿರಿ. ಜೊತೆಗೆ ಆ ತಾಯಿಯ ಮಗಳು ಎಲ್ಲಿದ್ದಾಳೆ, ಕ್ಷೇಮವೇ ಎಂದು ಒಂದು ಮಾತು ಕೇಳಿರಿ.