ಮನಸ್ಸು ಕುಸಿದಾಗ ತಟ್ಟಬೇಕಾದ ಬಾಗಿಲು: ಮೈಸೂರಿನ ಓದುಗರಿಗೊಂದು ಮಾಹಿತಿ

ಮೈಸೂರು: ಜ್ವರ ಬಂದರೆ ಯಾವ ಆಸ್ಪತ್ರೆಗೆ ಹೋಗಬೇಕೆಂಬುದು ವಿದ್ಯಾರಣ್ಯಪುರಂನ ಪ್ರತಿ ಮನೆಗೂ ಗೊತ್ತಿದೆ. ಆದರೆ ಮನೆಯವರೊಬ್ಬರು ಊಟ, ನಿದ್ದೆ ಬಿಟ್ಟು ‘ಇನ್ನು ಬದುಕಿ ಪ್ರಯೋಜನವಿಲ್ಲ’ ಎನ್ನತೊಡಗಿದಾಗ ಎಲ್ಲಿಗೆ ಹೋಗಬೇಕು, ಯಾರಿಗೆ ಕರೆ ಮಾಡಬೇಕು ಎಂಬುದು ಹೆಚ್ಚಿನವರಿಗೆ ತಿಳಿಯದು. ನೆರೆಹೊರೆಯವರು ಏನೆಂದುಕೊಳ್ಳುವರೋ ಎಂಬ ಸಂಕೋಚ, ಪೊಲೀಸ್ ಮೊಕದ್ದಮೆಯ ಭಯ, ಖರ್ಚಿನ ಚಿಂತೆ ಸೇರಿಕೊಂಡು ನೆರವು ಕೇಳುವ ದಿನ ಮುಂದೆ ಹೋಗುತ್ತಲೇ ಇರುತ್ತದೆ.

ಈ ವಿಳಂಬದ ಬೆಲೆ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸಾವಿಗೀಡಾದರು. ಅವರಲ್ಲಿ 13,606 ಮಂದಿ ಕರ್ನಾಟಕದವರು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಕಾಯಿಲೆಗನುಗುಣವಾಗಿ ಶೇ 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆಂದು ಕಂಡುಕೊಂಡಿತು. ನೆರವು ಇದ್ದೂ ತಲುಪದಿರುವುದೇ ಇಲ್ಲಿನ ಮುಖ್ಯ ಸಮಸ್ಯೆ.

ಮೊದಲ ಬಾಗಿಲು: 14416

ಮನೆಯಿಂದ ಹೊರಡದೆಯೇ ಪಡೆಯಬಹುದಾದ ನೆರವು ‘ಟೆಲಿ ಮಾನಸ್’. ಕೇಂದ್ರ ಸರ್ಕಾರದ ಈ ಸಹಾಯವಾಣಿಯು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ಇದರ ಉನ್ನತ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. 14416 ಅಥವಾ 1800-891-4416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಸೇವೆ ಲಭ್ಯವಿದೆ.

ಕರೆಯನ್ನು ಮೊದಲು ತರಬೇತಿ ಪಡೆದ ಆಪ್ತ ಸಮಾಲೋಚಕರು ಸ್ವೀಕರಿಸುತ್ತಾರೆ. ಸಮಸ್ಯೆ ಗಂಭೀರವೆನಿಸಿದರೆ ಮನೋವೈದ್ಯರಿಗೆ ವರ್ಗಾಯಿಸುತ್ತಾರೆ. ಖುದ್ದು ತಪಾಸಣೆ ಅಗತ್ಯವಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಅಥವಾ ವೈದ್ಯಕೀಯ ಕಾಲೇಜಿಗೆ ಕಳುಹಿಸುತ್ತಾರೆ. ನೊಂದವರೇ ಕರೆ ಮಾಡಬೇಕೆಂದಿಲ್ಲ. ಮಗನ ಬಗ್ಗೆ ಚಿಂತೆಗೀಡಾದ ತಾಯಿ, ಸಹೋದ್ಯೋಗಿಯ ವರ್ತನೆ ಕಂಡು ಕಳವಳಗೊಂಡವರು, ವಸತಿ ನಿಲಯದ ಸಹಪಾಠಿ ಯಾರು ಬೇಕಾದರೂ ಸಲಹೆ ಕೇಳಬಹುದು.

ನಗರದ ಆಸ್ಪತ್ರೆಗಳು

ಮೈಸೂರಿಗರು ದೊಡ್ಡಾಸ್ಪತ್ರೆಯೆಂದೇ ಕರೆಯುವ ಕೃಷ್ಣರಾಜೇಂದ್ರ (ಕೆ.ಆರ್.) ಆಸ್ಪತ್ರೆಯು 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ್ದು, ಅಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಸರ್ಕಾರಿ ಆಸ್ಪತ್ರೆಯಾದ್ದರಿಂದ ಖರ್ಚು ಕಡಿಮೆ. ಹೋಗುವಾಗ ಪಡಿತರ ಚೀಟಿ, ಆಧಾರ್ ಹಾಗೂ ಹಿಂದಿನ ಚಿಕಿತ್ಸೆಯ ಚೀಟಿಗಳಿದ್ದರೆ ಜತೆಗೊಯ್ಯುವುದು ಒಳ್ಳೆಯದು. ಮಹಾತ್ಮ ಗಾಂಧಿ ರಸ್ತೆಯ ಜೆಎಸ್‌ಎಸ್ ಆಸ್ಪತ್ರೆಯಲ್ಲಿಯೂ ಮನೋವೈದ್ಯಕೀಯ ವಿಭಾಗವಿದೆ.

ನೇರವಾಗಿ ಮನೋವೈದ್ಯರ ಬಳಿಗೆ ಹೋಗಲು ಹಿಂಜರಿಯುವವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಪರಿಚಯದ ಕುಟುಂಬ ವೈದ್ಯರಿಂದಲೇ ಆರಂಭಿಸಬಹುದು. ನಿದ್ರಾಹೀನತೆ, ಕಾರಣವಿಲ್ಲದ ಮೈಕೈ ನೋವು, ಎದೆಬಡಿತ, ನಿರಂತರ ಸುಸ್ತು ಇವು ಖಿನ್ನತೆ ಮತ್ತು ಆತಂಕದ ಲಕ್ಷಣಗಳೂ ಆಗಿರಬಹುದು.

ಇಂತಹ ಆರೈಕೆಯನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಒದಗಿಸಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದು ಕರ್ನಾಟಕವೇ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ನಿಮ್ಹಾನ್ಸ್‌ಗೇ ಹೋಗಬೇಕೆ?

ಮೈಸೂರು ಸಂಸ್ಥಾನದ ಸರ್ಕಾರವು 1925ರಲ್ಲಿ ಬೆಂಗಳೂರಿನ ‘ಹುಚ್ಚಾಸ್ಪತ್ರೆ’ಗೆ ‘ಮಾನಸಿಕ ಆಸ್ಪತ್ರೆ’ ಎಂದು ಮರುನಾಮಕರಣ ಮಾಡಿತು. ಆ ಆಸ್ಪತ್ರೆ ಮತ್ತು 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ವಿಲೀನಗೊಂಡು ನಿಮ್ಹಾನ್ಸ್ ರೂಪುಗೊಂಡಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಈ ಸಂಸ್ಥೆಯಲ್ಲಿ 24 ಗಂಟೆಯೂ ತುರ್ತು ಸೇವೆ ಇದೆ. ಆದರೆ ಎಲ್ಲ ರೋಗಿಗಳೂ ಸುಮಾರು 150 ಕಿ.ಮೀ. ಪ್ರಯಾಣ ಮಾಡಬೇಕಾಗಿಲ್ಲ. ಬಹುಪಾಲು ಖಿನ್ನತೆ ಹಾಗೂ ಆತಂಕದ ಸಮಸ್ಯೆಗಳಿಗೆ ಮೈಸೂರಿನಲ್ಲೇ ಹೊರರೋಗಿಯಾಗಿ ಚಿಕಿತ್ಸೆ ಪಡೆಯಬಹುದು. ತುರ್ತು ಸಂದರ್ಭದಲ್ಲಂತೂ ಹತ್ತಿರದ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆ.

ಕಾನೂನು ಏನು ಹೇಳುತ್ತದೆ?

ಆತ್ಮಹತ್ಯಾ ಯತ್ನವನ್ನು ಭಾರತೀಯ ದಂಡ ಸಂಹಿತೆಯ 309ನೇ ಕಲಂ ಅಪರಾಧವೆಂದು ಪರಿಗಣಿಸಿ, ಒಂದು ವರ್ಷದವರೆಗಿನ ಸೆರೆವಾಸಕ್ಕೆ ಅವಕಾಶ ನೀಡಿತ್ತು. ಈ ಭಯದಿಂದ ಅನೇಕ ಕುಟುಂಬಗಳು ವಿಷಯವನ್ನು ಮುಚ್ಚಿಡುತ್ತಿದ್ದವು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ-2017 ಈ ಸ್ಥಿತಿಯನ್ನು ಬದಲಿಸಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು, ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ಅದರ 115ನೇ ಕಲಂ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೇ ಕಲಮಿಗೆ ಸಮನಾದ ಸಾಮಾನ್ಯ ಅಪರಾಧವಿಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಒತ್ತಡ ಅಥವಾ ಅಡ್ಡಿ ತರುವ ಉದ್ದೇಶದ ಯತ್ನ ಮಾತ್ರ 226ನೇ ಕಲಮಿನಡಿ ಶಿಕ್ಷಾರ್ಹ. ಆದ್ದರಿಂದ ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಕರೆದೊಯ್ಯದಿರುವುದು ತರವಲ್ಲ.

ಇದೇ ಕಾಯ್ದೆ ನೀಡುವ ಇತರ ಹಕ್ಕುಗಳೂ ಗಮನಾರ್ಹ. ರೋಗಿಯ ವಿವರವನ್ನು ಗೋಪ್ಯವಾಗಿಡಬೇಕು. ಜೀವಾಪಾಯವಿದ್ದಾಗ ಯಾವುದೇ ನೋಂದಾಯಿತ ವೈದ್ಯರು, ರೋಗಿಯ ಪ್ರತಿನಿಧಿ ಲಭ್ಯರಿದ್ದರೆ ಅವರ ಒಪ್ಪಿಗೆ ಪಡೆದು, 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಬಹುದು. ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ಸೌಲಭ್ಯ ಕೊಡಬೇಕು. ಇದನ್ನು ಪಾಲಿಸುವಂತೆ ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಕಂಪನಿಗಳಿಗೆ ಸೂಚಿಸಿತು.

ಯಾವ ತಜ್ಞರು ಏನು ಮಾಡುತ್ತಾರೆ?

ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಶಿಕ್ಷಣ ಪಡೆದವರು, ಔಷಧಿ ಬರೆದುಕೊಡಬಲ್ಲವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನೋಪರೀಕ್ಷೆ ಹಾಗೂ ಮಾತಿನ ಚಿಕಿತ್ಸೆ ನಡೆಸುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ಇರಬೇಕು. ಆಪ್ತ ಸಮಾಲೋಚಕರು ಪರೀಕ್ಷೆ, ಉದ್ಯೋಗ, ದಾಂಪತ್ಯದಂತಹ ಒತ್ತಡಗಳಲ್ಲಿ ನೆರವಾಗುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೆ ಸಮಾಲೋಚನೆಯ ಜತೆಗೆ ಮನೋವೈದ್ಯರ ತಪಾಸಣೆಯೂ ಅಗತ್ಯ.

ಖಿನ್ನತೆಯ ಔಷಧಿಗಳು ಪೂರ್ಣ ಪರಿಣಾಮ ತೋರಲು ಕೆಲವು ವಾರಗಳು ಬೇಕಾಗುತ್ತವೆ. ಎರಡು ದಿನದಲ್ಲಿ ಗುಣ ಕಾಣಲಿಲ್ಲವೆಂದಾಗಲಿ, ತಿಂಗಳಲ್ಲಿ ಹುಷಾರಾಯಿತೆಂದಾಗಲಿ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಮನೆಯವರು ಮಾಡಬೇಕಾದದ್ದು

ಸಾವಿನ ಬಗ್ಗೆ ಮತ್ತೆ ಮತ್ತೆ ಮಾತು, ‘ನಾನು ಎಲ್ಲರಿಗೂ ಹೊರೆ’ ಎಂಬ ಭಾವ, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, ಬಂಧುಮಿತ್ರರಿಂದ ದೂರವಾಗುವುದು, ಹಠಾತ್ತನೆ ಹೆಚ್ಚಿದ ಮದ್ಯಪಾನ ಇವೆಲ್ಲ ಎಚ್ಚರಿಕೆಯ ಚಿಹ್ನೆಗಳು. ‘ಹೆದರಿಸಲು ಹೇಳುತ್ತಾರೆ, ಮಾಡುವುದಿಲ್ಲ’ ಎಂಬ ಮಾತು ತಪ್ಪು ತಿಳಿವಳಿಕೆ.

‘ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ, ಮೃದುವಾಗಿ ಕೇಳಬಹುದು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ನೊಂದವರಿಗೆ ಮಾತನಾಡಲು ದಾರಿಯಾಗುತ್ತದೆ. ಉಪದೇಶ, ಬೈಗುಳ, ‘ಎಲ್ಲರಿಗೂ ಕಷ್ಟವಿದೆ’ ಎಂಬ ಹೋಲಿಕೆ ಬೇಡ. ಸುಮ್ಮನೆ ಕುಳಿತು ಕೇಳುವವರೊಬ್ಬರು ಬೇಕು. ಅಪಾಯ ಹೆಚ್ಚಿದೆಯೆನಿಸಿದರೆ ಅವರನ್ನು ಒಬ್ಬರೇ ಬಿಡಬಾರದು. ಔಷಧಿ ಮತ್ತಿತರ ಅಪಾಯಕಾರಿ ವಸ್ತುಗಳನ್ನು ಬೀಗ ಹಾಕಿಡಬೇಕು. ‘ಯಾರಿಗೂ ಹೇಳಬೇಡ’ ಎಂಬ ಭಾಷೆಗೆ ಕಟ್ಟುಬೀಳದೆ ವೈದ್ಯರಿಗೆ ತಿಳಿಸಬೇಕು.

ಒಮ್ಮೆ ಯತ್ನಿಸಿ ಬದುಕುಳಿದವರಿಗೆ ಮುಂದಿನ ಕೆಲವು ತಿಂಗಳುಗಳು ವಿಶೇಷ ಎಚ್ಚರಿಕೆಯ ಕಾಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ವೈದ್ಯರು ಹೇಳಿದ ದಿನ ತಪ್ಪದೆ ಮರುಭೇಟಿ ಮಾಡಿಸುವುದು ಮನೆಯವರ ಹೊಣೆ.

ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆಗಳು

* ಟೆಲಿ ಮಾನಸ್ (24 ಗಂಟೆ, ಉಚಿತ): 14416 ಅಥವಾ 1800-891-4416
* ಆಂಬುಲೆನ್ಸ್: 108
* ತುರ್ತು ನೆರವು: 112
* ಮಕ್ಕಳ ಸಹಾಯವಾಣಿ: 1098
* ಮಹಿಳಾ ಸಹಾಯವಾಣಿ: 181

ಜೀವಕ್ಕೆ ತಕ್ಷಣದ ಅಪಾಯವಿದ್ದಲ್ಲಿ ಸಹಾಯವಾಣಿಗಾಗಿ ಕಾಯದೆ 108 ಅಥವಾ 112ಕ್ಕೆ ಕರೆ ಮಾಡಿ, ಸಮೀಪದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಬೇಕು. ಉಳಿದ ಸಂದರ್ಭಗಳಲ್ಲಿ 14416ರಿಂದ ಆರಂಭಿಸಬಹುದು. ಅನಿಲ ಸಿಲಿಂಡರ್ ಮತ್ತು ವಿದ್ಯುತ್ ಕಚೇರಿಯ ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ಮನೆಗಳು ಈ ಐದಂಕಿಯನ್ನೂ ಅದರ ಪಕ್ಕದಲ್ಲೇ ಬರೆದಿಡುವುದು ಒಳಿತು.