ಸತ್ತರು, ಸತ್ತರಂತೆ

ನಮ್ಮ ನುಡಿಯಲ್ಲಿ ಒಂದು ಪುಟ್ಟ ಪದವಿದೆ. ವ್ಯಾಕರಣದ ಪಾಠದಲ್ಲಿ ಅದನ್ನು ಅವ್ಯಯವೆಂದು ಹೇಳಿ ನಾವು ಮುಂದೆ ಸಾಗಿಬಿಡುತ್ತೇವೆ. 'ಅಂತೆ' ಎಂಬುದೇ ಆ ಪದ. 'ಮಳೆ ಬಂತು' ಎಂದರೆ ಹೇಳುವವನು ನೆನೆದು ಬಂದಿದ್ದಾನೆ. 'ಮಳೆ ಬಂತಂತೆ' ಎಂದರೆ ಅವನ ಅಂಗಿ ಒಣಗಿಯೇ ಇದೆ. ಎರಡೇ ಅಕ್ಷರಗಳಲ್ಲಿ ಇಷ್ಟೊಂದು ಪ್ರಾಮಾಣಿಕತೆಯನ್ನು ಅಡಗಿಸಿಟ್ಟ ನಮ್ಮ ಹಿರಿಯರು ಜಾಣರು. ಈ ಪದವನ್ನು ಕಳೆದುಕೊಂಡ ಒಂದು ದಿನದ ಪತ್ರಿಕೆಯ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಆ ದಿನ 1942ನೆಯ ಇಸವಿಯ ಮಾರ್ಚ್ 29, ರವಿವಾರ. ಎರಡನೆಯ ಮಹಾಯುದ್ಧ ನಮ್ಮ ಬಾಗಿಲಿಗೇ ಬಂದು ನಿಂತಿದ್ದ ಕಾಲ. ಫೆಬ್ರವರಿ 15ರಂದು ಸಿಂಗಪುರ ಬಿದ್ದಿತ್ತು. ಮಾರ್ಚ್ 8ರಂದು ರಂಗೂನು ಹೋಗಿತ್ತು. 23ರಂದು ಜಪಾನಿನ ಸೈನ್ಯ ಅಂದಮಾನಿನಲ್ಲಿ ಇಳಿದಿತ್ತು. ಇತ್ತ ದಿಲ್ಲಿಯಲ್ಲಿ ಸರ್ ಸ್ಟಾಫರ್ಡ್ ಕ್ರಿಪ್ಸರು ಲಂಡನ್ನಿನಿಂದ ತಂದ ಸೂಚನೆಗಳ ಗಂಟನ್ನು ಬಿಚ್ಚುತ್ತಿದ್ದರು. ಗಾಂಧೀಜಿಯವರು ಅದನ್ನು ಮುಂದಿನ ತಾರೀಖಿನ ಚೆಕ್ಕು ಎಂದರೆಂಬ ಮಾತು ಊರೂರಿಗೆ ಹಬ್ಬಿತು. ಮುಳುಗುತ್ತಿರುವ ಬ್ಯಾಂಕಿನ ಮೇಲೆ ಬರೆದ ಚೆಕ್ಕು ಎಂಬ ಬಾಲವನ್ನು ಯಾರೋ ಪತ್ರಕರ್ತರು ಅಂಟಿಸಿದರೆಂದು ಹೇಳುವುದುಂಟು. ಮೂಲಕ್ಕಿಂತ ಬಾಲವೇ ಹೆಚ್ಚು ದೂರ ಓಡಿತು!

ಇಷ್ಟರ ನಡುವೆ ರಾಯಿಟರ್ ಸಂಸ್ಥೆಯ ತಂತಿಯೊಂದು ಬಂದಿತು: ಸುಭಾಷಚಂದ್ರ ಬೋಸರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಪತ್ರಿಕೆಗಳು ದಪ್ಪ ಅಕ್ಷರಗಳನ್ನು ಹುಡುಕಿ ಜೋಡಿಸಿದವು. ಆಗ ದಿಲ್ಲಿಯಲ್ಲಿದ್ದ ಗಾಂಧೀಜಿಯವರೂ ಮೌಲಾನಾ ಆಜಾದರೂ ಬೋಸರ ತಾಯಿಗೆ ಸಂತಾಪದ ತಂತಿಯನ್ನು ಕಳುಹಿಸಿದರು.

ನಮ್ಮ ಕಡೆಗೆ ಆ ಸುದ್ದಿ ಬಂದ ಬಗೆಯೇ ಒಂದು ಚಂದ. ಆಗ ಜಮಖಂಡಿಯಲ್ಲಿ ಪಟವರ್ಧನರ ಆಳಿಕೆ, ಮುಧೋಳದಲ್ಲಿ ಘೋರ್ಪಡೆಯವರದು, ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿಯೋ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ. ಹೀಗೆ ರಬಕವಿಯಿಂದ ಬಂಡಿ ಕಟ್ಟಿಕೊಂಡು ಬೀಳಗಿಯ ಬೀಗರ ಮನೆಗೆ ಹೊರಟವನು ಸರಕಾರಗಳನ್ನು ಹೊಲದ ಬದುಗಳಂತೆ ದಾಟುತ್ತ ಹೋಗಬೇಕಾಗಿತ್ತು. ಸುದ್ದಿಗೆ ಮಾತ್ರ ಯಾವ ಸಂಸ್ಥಾನದ ನಾಕೆಯೂ ಅಡ್ಡವಿರಲಿಲ್ಲ. ಹುಬ್ಬಳ್ಳಿಯ ಕನ್ನಡ ಪತ್ರಿಕೆಯಾಗಲಿ, ಪುಣೆಯ ಮರಾಠಿ ಪತ್ರಿಕೆಯಾಗಲಿ, ಕುಡಚಿಯ ರೈಲು ನಿಲ್ದಾಣದಲ್ಲಿ ಇಳಿದು ಇತ್ತ ಬರುವಷ್ಟರಲ್ಲಿ ಒಂದು ದಿನ ಹಳಸಿರುತ್ತಿತ್ತು. ಆದರೆ ಹಸಿದವನಿಗೆ ತಂಗಳು ರೊಟ್ಟಿಯೂ ರುಚಿಯೇ.

ನನ್ನ ಅಜ್ಜ ರಬಕವಿಯ ನೇಕಾರರು. ಓಣಿಯಲ್ಲಿ ಓದು ಬಲ್ಲವರು ಕೆಲವರೇ ಇದ್ದುದರಿಂದ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಕೆಲಸ ಅವರದು. ಅವರು ಓದುವಾಗ ಮಗ್ಗಗಳು ನಿಲ್ಲುತ್ತಿದ್ದವಂತೆ. ಅಂದು 'ಸುಭಾಷಬಾಬು ತೀರಿಕೊಂಡರು' ಎಂದು ಓದಿದೊಡನೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಮುದುಕರೊಬ್ಬರು ಮಾತ್ರ ತಲೆ ಎತ್ತಿ ಕೇಳಿದರು:

"ತಮ್ಮಾ, ಸತ್ತಾರ ಅಂತ ಬರದಾರೋ, ಸತ್ತಾರಂತ ಅಂತ ಬರದಾರೋ?"

"ಸತ್ತಾರ ಅಂತನ ಬರದಾರ, ಕಾಕಾ."

"ಯಾರು ನೋಡ್ಯಾರ?"

ಅಜ್ಜ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ನೋಡಿದವರ ಹೆಸರು ಎಲ್ಲಿಯೂ ಇರಲಿಲ್ಲ. "ಹಂಗಾದ್ರ ಇನ್ನಾ ಅಳಬ್ಯಾಡ್ರಿ" ಎಂದು ಮುದುಕರು ಮತ್ತೆ ನೂಲಿಗೆ ಕೈ ಹಚ್ಚಿದರಂತೆ. ಇದನ್ನು ನಾನು ಕಂಡವನಲ್ಲ, ಅಜ್ಜ ಹೇಳಿದ್ದು. ಆದ್ದರಿಂದ 'ಅಂತೆ'ಯನ್ನು ಬಿಡದೆ ಬರೆದಿದ್ದೇನೆ.

ಮುದುಕರ ಮಾತೇ ನಿಜವಾಯಿತು. ಬೋಸರು ಬರ್ಲಿನ್ನಿನಲ್ಲಿ ಕ್ಷೇಮವಾಗಿದ್ದರು. ಆಜಾದ್ ಹಿಂದ್ ರೇಡಿಯೋದಲ್ಲಿ ಬಂದು ತಾವು ಬದುಕಿರುವುದಾಗಿ ತಾವೇ ಸಾರಿದರು. ತಮ್ಮ ಮರಣವಾರ್ತೆಯನ್ನು ತಮ್ಮ ಬಾಯಿಂದಲೇ ತಿದ್ದುವ ಭಾಗ್ಯ ಎಷ್ಟು ಜನರಿಗೆ ದೊರೆತೀತು? ಅಚ್ಚಾದ ಸುಳ್ಳನ್ನು ಅಳಿಸಲು ಅಂದು ಒದಗಿದ್ದು ರೇಡಿಯೋ ಎಂಬುದು ಈ ಪತ್ರಿಕೆಯ ಓದುಗರಿಗೆ ಸಂತೋಷದ ಸಂಗತಿಯೇ ಸರಿ. ಗಾಂಧೀಜಿಯವರು ಅದೇ ತಾಯಿಗೆ ಎರಡನೆಯ ತಂತಿಯನ್ನು ಕಳುಹಿಸಿದರು. ಈ ಬಾರಿ ಅದು ಅಭಿನಂದನೆಯ ತಂತಿ. ಮೊದಲಿನ ತಂತಿಯಲ್ಲಿ ಬೋಸರನ್ನು ಅಷ್ಟೊಂದು ಹೊಗಳಿದ್ದು ಕ್ರಿಪ್ಸರಿಗೆ ಸೇರಲಿಲ್ಲವೆಂದು ಮೌಲಾನಾ ಆಜಾದರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇಲ್ಲದ ಸಾವೊಂದು ಸಂಧಾನದ ಮನೆಯಲ್ಲಿಯೂ ಮುನಿಸು ತಂದಿತು ನೋಡಿರಿ.

ಇನ್ನೊಂದು ವಿನೋದ. ಗಾಳಿಸುದ್ದಿ ಹಬ್ಬಿಸಿ ಜನರಲ್ಲಿ ಭೀತಿ ಹುಟ್ಟಿಸುವುದು ಆಗ ಭಾರತ ರಕ್ಷಣಾ ನಿಯಮಗಳಂತೆ ಶಿಕ್ಷೆಗೆ ಗುರಿಯಾಗುವ ಅಪರಾಧ. ಸಂತೆಯಲ್ಲಿ ಸೊಲ್ಲೆತ್ತಿದವನು ಜೈಲಿಗೆ. ತಂತಿಯಲ್ಲಿ ಸೊಲ್ಲೆತ್ತಿದ್ದು ಮುಖಪುಟಕ್ಕೆ!

ಆದರೆ ನಗುವಿನ ಹಿಂದೆ ಎರಡು ನೋವಿನ ಸಂಗತಿಗಳಿವೆ. ಮಾರ್ಚ್ 24ರಂದು ಜಪಾನಿನಲ್ಲಿ ಒಂದು ವಿಮಾನ ನಿಜವಾಗಿಯೂ ಬಿದ್ದಿತ್ತು. ಟೋಕಿಯೋ ಸಮ್ಮೇಳನಕ್ಕೆ ಹೊರಟಿದ್ದ ಸ್ವಾಮಿ ಸತ್ಯಾನಂದ ಪುರಿ, ಗ್ಯಾನಿ ಪ್ರೀತಮ್ ಸಿಂಗ್ ಮೊದಲಾದ ಭಾರತೀಯರು ಅದರಲ್ಲಿ ಮಡಿದರು. ಆ ಸುದ್ದಿಯೇ ಬಾಯಿಂದ ಬಾಯಿಗೆ ಹೊರಳಿ ಬೋಸರ ಹೆಸರನ್ನು ಹೊತ್ತಿರಬೇಕೆಂದು ತೋರುತ್ತದೆ. ಬದುಕಿದ್ದವರಿಗೆ ದೇಶವೆಲ್ಲ ಅತ್ತಿತು. ಸತ್ತವರ ಹೆಸರು ನಮ್ಮ ಓಣಿಗೆ ಬರಲೇ ಇಲ್ಲ.

ಎರಡನೆಯದು ಇನ್ನೂ ದೊಡ್ಡದು. 1945ರ ಆಗಸ್ಟ್ 18ರಂದು ತೈಹೊಕುವಿನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಬೋಸರು ತೀರಿಕೊಂಡರೆಂದು ಸುದ್ದಿ ಬಂದಾಗ ಜನ ನಂಬಲಿಲ್ಲ. 'ಹಿಂದೆಯೂ ಹೀಗೆಯೇ ಬರೆದಿದ್ದರಲ್ಲ' ಎಂಬುದೇ ಹಲವರ ಉತ್ತರ. 1956ರಲ್ಲಿ ಶಹನವಾಜ್ ಸಮಿತಿ, 1970ರಲ್ಲಿ ಖೋಸ್ಲಾ ಆಯೋಗ, 1999ರಲ್ಲಿ ಮುಖರ್ಜಿ ಆಯೋಗ ಕುಳಿತವು. ಮೊದಲಿನೆರಡೂ ಹೌದೆಂದವು, ಮೂರನೆಯದು ಅಲ್ಲವೆಂದಿತು, ಸರಕಾರ ಅದನ್ನು ಒಪ್ಪಲಿಲ್ಲ. ಜನರ ಸಂಶಯಕ್ಕೆ ಕಾರಣಗಳು ಬೇರೆಯೂ ಇದ್ದವು, ನಿಜ. ಆದರೆ 1942ರ ಆ ಒಂದು ತಲೆಬರಹ ಸಂಶಯಕ್ಕೆ ಮೊದಲ ಬೀಜ ಬಿತ್ತಿತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಒಮ್ಮೆ ಸುಳ್ಳು ಹೇಳಿದ ಬಾಯಿಂದ ಮುಂದೆ ಬಂದ ಮಾತನ್ನು ತೂಗುವ ತಕ್ಕಡಿಯೇ ಇಲ್ಲದಂತಾಯಿತು.

ಈಗ ತಂತಿ ಕಚೇರಿಯೂ ಇಲ್ಲ, ಸಂಸ್ಥಾನಗಳೂ ಇಲ್ಲ. ಸುದ್ದಿ ಕುಡಚಿಯಲ್ಲಿ ಇಳಿಯುವುದಿಲ್ಲ, ಅಂಗೈಯಲ್ಲೇ ಇಳಿಯುತ್ತದೆ. ಮೊನ್ನೆ ನಮ್ಮ ಶಾಲೆಯ ಹುಡುಗನೊಬ್ಬ ಮೊಬೈಲು ನೋಡಿ ಓಡಿಬಂದು, ಹೆಸರಾಂತ ಗಾಯಕರೊಬ್ಬರು ತೀರಿಕೊಂಡರೆಂದ. ನನಗೆ ಅಜ್ಜನ ಓಣಿ ನೆನಪಾಯಿತು. "ತೀರಿಕೊಂಡರೋ, ತೀರಿಕೊಂಡರಂತೆಯೋ?" ಎಂದು ಕೇಳಿದೆ. ಹುಡುಗ ತುಸು ಯೋಚಿಸಿ, "ಅಂತೆ, ಸರ್" ಎಂದ. ಸಂಜೆಯ ಹೊತ್ತಿಗೆ ಆ ಗಾಯಕರು ಬದುಕಿರುವ ಸುದ್ದಿಯೂ ಬಂತು. ಅಂದಿನ ವ್ಯಾಕರಣದ ಪಾಠ ವ್ಯರ್ಥವಾಗಲಿಲ್ಲ.